ಅಳೆದ ಮೇಲೆ ಬಿಚ್ಚಿ

ಕೊಡಗಿನ ತೋಟದ ಗಾಡಿ ಎಷ್ಟು ಕಿಲೋಮೀಟರ್ ಓಡಿದೆ ಎಂದು ನೋಡಿ ಅದರ ಸೆಲ್ಫ್ ಮೋಟರಿನ ಆಯಸ್ಸು ಹೇಳಲಾಗದು. ಮಡಿಕೇರಿಯಿಂದ ಬೆಂಗಳೂರಿಗೆ ಹೊರಟ ಕಾರು ಒಮ್ಮೆ ಸ್ಟಾರ್ಟ್ ಆದರೆ 250 ಕಿಲೋಮೀಟರ್ ದಾಟುತ್ತದೆ. ನಡುವೆ ತಿಂಡಿಗೆ ನಿಲ್ಲಿಸಿದರೆ ಎರಡು ಸಲ. ಕಾಫಿ ಕೊಯ್ಲಿನ ಕಾಲದಲ್ಲಿ ತೋಟದಿಂದ ಕಣಕ್ಕೆ ಹಣ್ಣಿನ ಮೂಟೆ ಹೊರುವ ಜೀಪಿನ ಪಾಡು ಬೇರೆ. ಗೇಟಿನ ಹತ್ತಿರ ನಿಲ್ಲಿಸು, ಲೈನ್ ಮನೆ ಹತ್ತಿರ ನಿಲ್ಲಿಸು, ತೂಕ ಹಾಕುವಲ್ಲಿ ನಿಲ್ಲಿಸು, ಮತ್ತೆ ಸ್ಟಾರ್ಟ್ ಮಾಡು. ದಿನಕ್ಕೆ ನಾಲ್ಕಾರು ಕಿಲೋಮೀಟರ್ ಓಡಿದರೂ ಸೆಲ್ಫ್ ಹೊಡೆದದ್ದು ಮಾತ್ರ ಹತ್ತಾರು ಸಲ. ಪ್ರತಿ ಸ್ಟಾರ್ಟಿಗೂ ಬ್ಯಾಟರಿಯಿಂದ ಖರ್ಚಾದ ಕರೆಂಟನ್ನು ಆಲ್ಟರ್ನೇಟರ್ ಮರಳಿ ತುಂಬುವ ಮೊದಲೇ ಇಂಜಿನ್ ಆಫ್ ಆಗಿರುತ್ತದೆ. ಹೀಗೆ ಮೋಟರೂ ಸವೆಯುತ್ತದೆ, ಬ್ಯಾಟರಿಯೂ ಸೊರಗುತ್ತದೆ.

ಇದರ ಮೇಲೆ ನಮ್ಮ ಮಳೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಭಾಗಮಂಡಲದ ಕಡೆ ಇನ್ನೂ ಜೋರು. ಮಳೆಗಾಲದ ನಡುವಿನ ಕಕ್ಕಡ ತಿಂಗಳಲ್ಲಿ ಶೆಡ್ಡಿನೊಳಗೆ ನಿಂತ ಗಾಡಿಯ ಬೋಲ್ಟಿಗೂ ತುಕ್ಕು ಹಿಡಿಯುತ್ತದೆ. ತೋಡು ದಾಟುವಾಗ ಬಿಸಿ ಮೋಟರಿಗೆ ತಣ್ಣೀರು ಎರಚುತ್ತದೆ, ಕೆಸರು ಒಳಗೆ ಹೋಗಿ ಒಣಗುತ್ತದೆ. ಇಂಥ ಊರಿನಲ್ಲಿ ಸ್ಟಾರ್ಟ್ ಆಗದ ಗಾಡಿ ಬರೀ ಕಿರಿಕಿರಿಯ ಮಾತಾಗಿ ಉಳಿಯುವುದಿಲ್ಲ. ಜಿಲ್ಲೆಯೊಳಗೆ ರೈಲು ಹಳಿಯೇ ಇಲ್ಲ, ಏನಿದ್ದರೂ ರಸ್ತೆ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಬದಿಯಲ್ಲಿ ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಗಾಡಿ ಕೈಕೊಟ್ಟರೆ ಆನೆಯ ಭಯ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಸುತ್ತ ಗುಡ್ಡಗಳು ಕುಸಿದು ರಸ್ತೆಗಳು ತುಂಡಾದಾಗ ಯಾವ ಮೆಕ್ಯಾನಿಕ್ಕೂ ಯಾರ ಮನೆಗೂ ಬರುವ ಹಾಗಿರಲಿಲ್ಲ. ಮನೆಯ ಗಾಡಿಯನ್ನು ಮನೆಯವರೇ ಎಬ್ಬಿಸಿಕೊಳ್ಳಬೇಕಿತ್ತು.

ನಾನು ಸೈನ್ಯದ ಇಎಂಇ ದಳದಲ್ಲಿ ವೆಹಿಕಲ್ ಮೆಕ್ಯಾನಿಕ್ ಆಗಿದ್ದು ನಿವೃತ್ತನಾಗಿ, ಈಗ ಮಾದಾಪುರದ ಕಡೆ ಸಣ್ಣ ರೊಬಸ್ಟಾ ತೋಟ ನೋಡಿಕೊಂಡಿರುವವನು. 1943ರ ಅಕ್ಟೋಬರ್ 15ರಂದು ಹುಟ್ಟಿದ ಆ ದಳದ ಕೆಲಸ ಸೈನ್ಯದ ಯಂತ್ರಗಳನ್ನು ಯಾವಾಗಲೂ ಓಡುವ ಸ್ಥಿತಿಯಲ್ಲಿ ಇಡುವುದು. ಸಿಕಂದರಾಬಾದಿನ ತರಬೇತಿಯಲ್ಲಿ ನಮ್ಮ ಉಸ್ತಾದರು ಸ್ಪ್ಯಾನರ್ ಕೈಗೆ ಕೊಡುವ ಮೊದಲು ಮೀಟರ್ ಕೊಟ್ಟರು. ಇಷ್ಟು ವರ್ಷದ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಪಾಠ ನನಗೆ ಸಿಕ್ಕಿಲ್ಲ. ಸೆಲ್ಫ್ ಮೋಟರ್ ಬಿಚ್ಚಿ ಇನ್ನೊಂದು ಕೂರಿಸುವುದು ಎರಡು ಮೂರು ಬೋಲ್ಟು, ಎರಡು ವೈರಿನ ಕೆಲಸ. ಕೆಟ್ಟಿರುವುದು ಅದೇ ಹೌದೋ ಅಲ್ಲವೋ ಎಂದು ಖಚಿತ ಮಾಡಿಕೊಳ್ಳುವುದರಲ್ಲಿ ನಿಜವಾದ ವಿದ್ಯೆ ಇದೆ. ಆ ವಿದ್ಯೆ ಗಾಡಿ ಇರುವ ಪ್ರತಿ ಮನೆಯಲ್ಲೂ ಇರಬೇಕು ಎಂಬುದು ನನ್ನ ಆಸೆ.

ಒಂದೆರಡು ಕ್ಷಣದ ದೊಡ್ಡ ಕೆಲಸ

ಪೆಟ್ರೋಲ್ ಇಂಜಿನ್ ಆಗಲಿ ಡೀಸೆಲ್ ಇಂಜಿನ್ ಆಗಲಿ ತನ್ನಷ್ಟಕ್ಕೆ ಏಳಲಾರದು. ಗಾಳಿ ಎಳೆದುಕೊಂಡು, ಒತ್ತಿ, ಇಂಧನ ಉರಿಸುವ ಮೊದಲ ಸುತ್ತನ್ನು ಹೊರಗಿನ ಬಲವೇ ತಿರುಗಿಸಿಕೊಡಬೇಕು. ಮೊದಲು ಆ ಬಲ ಮನುಷ್ಯನ ತೋಳಿನದು. ಹಳೆಯ ಜೀಪು, ಅಂಬಾಸಿಡರ್‌ಗಳ ಮುಂದೆ ಬಂಪರಿನ ನಡುವೆ ಇರುತ್ತಿದ್ದ ತೂತು ನೆನಪಿರುವವರಿಗೆ ಹ್ಯಾಂಡಲ್ ಹೊಡೆಯುವುದೂ ನೆನಪಿರುತ್ತದೆ. ಇಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಅದಕ್ಕೇ ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಸುತ್ತಿ ಹಿಡಿಯದೆ ಉಳಿದ ಬೆರಳುಗಳ ಪಕ್ಕದಲ್ಲೇ ಇಡಬೇಕು ಎಂದು ಹಿರಿಯರು ಗದರಿ ಕಲಿಸುತ್ತಿದ್ದರು.

ಈ ಕಷ್ಟಕ್ಕೆ ದಾರಿ ತೋರಿಸಿದವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಕಾರಿನ ಕೆಲಸಕ್ಕೆ ಬರುವ ಮೊದಲು ಅವರು ಅಂಗಡಿಗಳ ಹಣದ ಪೆಟ್ಟಿಗೆಗೆ, ಅಂದರೆ ಕ್ಯಾಶ್ ರಿಜಿಸ್ಟರಿಗೆ, ವಿದ್ಯುತ್ ಮೋಟರ್ ಅಳವಡಿಸಿದ್ದವರು. ಆ ಪೆಟ್ಟಿಗೆಯ ಮೋಟರ್ ದಿನವಿಡೀ ತಿರುಗಬೇಕಿಲ್ಲ. ಒಂದು ಕ್ಷಣ ಜೋರಾಗಿ ದುಡಿದು ಸುಮ್ಮನಾದರೆ ಸಾಕು. ಹಾಗಿದ್ದರೆ ಸಣ್ಣ ಮೋಟರಿನಿಂದಲೇ ಕ್ಷಣಕಾಲ ದೊಡ್ಡ ಕೆಲಸ ಮಾಡಿಸಬಹುದು. ಅದೇ ಯೋಚನೆಯನ್ನು ಅವರು ಇಂಜಿನ್ನಿಗೆ ತಂದರು, 1912ರ ಮಾದರಿಯ ಕ್ಯಾಡಿಲಾಕ್ ಕಾರು ಅವರ ಎಲೆಕ್ಟ್ರಿಕ್ ಸ್ಟಾರ್ಟರಿನೊಂದಿಗೆ ಬಂತು. ಹ್ಯಾಂಡಲ್ ಹೊಡೆಯುವ ತೋಳ್ಬಲ ಇಲ್ಲದವರಿಗೂ ಕಾರು ಓಡಿಸುವ ದಾರಿ ತೆರೆಯಿತು.

ನೂರು ವರ್ಷ ದಾಟಿದರೂ ಮೂಲ ತತ್ವ ಬದಲಾಗಿಲ್ಲ. ಇಂದಿನ ಮೋಟರೂ ಕ್ಷಣಕಾಲದ ದುಡಿಮೆಗೇ ತಯಾರಾದದ್ದು. 10 ಸೆಕೆಂಡಿಗಿಂತ ಹೆಚ್ಚು ಒಂದೇ ಸಮ ಸೆಲ್ಫ್ ಹೊಡೆಯಬೇಡಿ, ಎತ್ತದಿದ್ದರೆ ಅರ್ಧ ನಿಮಿಷವಾದರೂ ಬಿಟ್ಟು ಮತ್ತೆ ಹೊಡೆಯಿರಿ ಎನ್ನುವುದು ಇದಕ್ಕೇ. ಬಿಡದೆ ಹೊಡೆದರೆ ಒಳಗಿನ ತಾಮ್ರದ ಸುರುಳಿ ಕಾದು ಇನ್ಸುಲೇಷನ್ ಸುಟ್ಟುಹೋಗುತ್ತದೆ.

ಕೀಲಿ ತಿರುಗಿಸಿದಾಗ ನಡೆಯುವುದು ಇಷ್ಟು. ಕೀಲಿಯಿಂದ ಒಂದು ತೆಳು ವೈರಿನಲ್ಲಿ ಸ್ವಲ್ಪ ಕರೆಂಟ್ ಮೋಟರಿನ ಬೆನ್ನ ಮೇಲಿರುವ ಸಾಲಿನಾಯ್ಡಿಗೆ ಹೋಗುತ್ತದೆ. ಅದು ವಿದ್ಯುತ್ತಿನಿಂದ ಅಯಸ್ಕಾಂತವಾಗಿ ಒಳಗಿನ ಕಬ್ಬಿಣದ ದಂಡನ್ನು ಎಳೆಯುತ್ತದೆ. ಆ ಎಳೆತ ಎರಡು ಕೆಲಸ ಮಾಡುತ್ತದೆ. ಒಂದು ಕಡೆ ಸನ್ನೆಯ ಮೂಲಕ ಬೆಂಡಿಕ್ಸ್ ಎಂಬ ಜಾರುವ ಭಾಗದ ಸಣ್ಣ ಗೇರನ್ನು ಮುಂದಕ್ಕೆ ತಳ್ಳಿ ಇಂಜಿನ್ನಿನ ಫ್ಲೈವೀಲಿನ ರಿಂಗ್ ಗೇರಿಗೆ ಕಚ್ಚಿಸುತ್ತದೆ. ಇನ್ನೊಂದು ಕಡೆ ಎರಡು ದಪ್ಪ ತಾಮ್ರದ ತುದಿಗಳನ್ನು ಕೂಡಿಸಿ ಬ್ಯಾಟರಿಯ ದಪ್ಪ ಕೇಬಲ್ಲಿನ ಪೂರ್ತಿ ಕರೆಂಟನ್ನು ಮೋಟರಿಗೆ ಬಿಡುತ್ತದೆ. ಸಣ್ಣ ಗೇರಿಗೆ ಒಂಬತ್ತು ಹತ್ತು ಹಲ್ಲು, ರಿಂಗ್ ಗೇರಿಗೆ ನೂರರ ಆಸುಪಾಸು. ಹೀಗಾಗಿ ಆ ಸಣ್ಣ ಗೇರ್ ಹತ್ತು ಸುತ್ತು ಸುತ್ತಿದರೆ ಇಂಜಿನ್ ಒಂದು ಸುತ್ತು ಸುತ್ತುತ್ತದೆ. ಇಂಜಿನ್ ಎದ್ದು ತಾನೇ ವೇಗ ಹಿಡಿದಾಗ ಮೋಟರನ್ನು ಎಳೆದುಕೊಂಡು ಹೋಗದಂತೆ ಬೆಂಡಿಕ್ಸಿನೊಳಗೆ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಇರುತ್ತದೆ.

ಇಲ್ಲಿ ಒಂದು ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ. ಸಣ್ಣ ಕಾರಿನ ಸೆಲ್ಫ್ ಮೋಟರಿನ ಶಕ್ತಿ ಹೆಚ್ಚುಕಡಿಮೆ ಬಾವಿಗೆ ಇಳಿಸುವ ಒಂದು ಎಚ್‌ಪಿ ಪಂಪಿನಷ್ಟು. ಪಂಪಿಗೆ 230 ವೋಲ್ಟ್ ಸಿಗುತ್ತದೆ, ಕೆಲವೇ ಆಂಪಿಯರಿನಲ್ಲಿ ಕೆಲಸ ಮುಗಿಯುತ್ತದೆ. ಕಾರಿನಲ್ಲಿರುವುದು 12 ವೋಲ್ಟ್ ಮಾತ್ರ. ಅಷ್ಟೇ ಕೆಲಸಕ್ಕೆ 100ರಿಂದ 150 ಆಂಪಿಯರ್ ಬೇಕು, ಡೀಸೆಲ್ ಜೀಪಿಗೆ ಇನ್ನೂ ಹೆಚ್ಚು. ಇಷ್ಟು ಕರೆಂಟ್ ಹರಿಯುವ ದಾರಿಯಲ್ಲಿ ಒಂದು ಓಮ್‌ನ ನೂರನೇ ಒಂದು ಭಾಗ ಅಡ್ಡಿ ಇದ್ದರೂ 1.5 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ಬ್ಯಾಟರಿ ಟರ್ಮಿನಲ್ಲಿನ ಮೇಲೆ ಕೂತ ಬಿಳಿ ಪುಡಿ, ಇಂಜಿನ್ನನ್ನು ಬಾಡಿಗೆ ಜೋಡಿಸುವ ಅರ್ತ್ ಪಟ್ಟಿಯ ಕೆಳಗಿನ ತೆಳು ತುಕ್ಕು ಅಷ್ಟು ಅಡ್ಡಿ ಮಾಡಲು ಸಾಕು. ಕೊಡಗಿನಲ್ಲಿ ತುಕ್ಕಿಗೇನು ಬರ?

ಕೀಲಿ ತಿರುಗಿಸಿ, ಕಿವಿಗೊಡಿ

ಪರೀಕ್ಷೆ ಶುರುವಾಗುವುದು ಕಿವಿಯಿಂದ. ಹೆಡ್‌ಲೈಟ್ ಹಾಕಿ, ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು ಕೀಲಿ ತಿರುಗಿಸಿ.

"ಟಕ ಟಕ ಟಕ" ಎಂದು ಬೇಗ ಬೇಗ ಹೊಡೆದುಕೊಂಡು ಲೈಟ್ ಕಂತಿದರೆ ಬ್ಯಾಟರಿ ಸೋತಿದೆ ಅಥವಾ ಟರ್ಮಿನಲ್ ಸಡಿಲ. ಸಾಲಿನಾಯ್ಡ್ ಎಳೆಯುತ್ತದೆ, ಮೋಟರ್ ಕರೆಂಟ್ ಕೇಳಿದ ಕೂಡಲೇ ವೋಲ್ಟ್ ಕುಸಿದು ಕೈಬಿಡುತ್ತದೆ, ಮತ್ತೆ ಎಳೆಯುತ್ತದೆ.

ಒಂದೇ ಒಂದು ಗಟ್ಟಿ "ಟಕ್", ಲೈಟ್ ಹಾಗೇ ಉರಿಯುತ್ತಿದೆ ಎಂದಾದರೆ ಸಂಶಯ ಸೆಲ್ಫ್ ಮೋಟರಿನ ಮೇಲೆ. ಸಾಲಿನಾಯ್ಡ್ ಎಳೆದಿದೆ, ಕರೆಂಟ್ ಮಾತ್ರ ಮೋಟರಿನೊಳಗೆ ಹರಿದಿಲ್ಲ. ಒಳಗಿನ ತಾಮ್ರದ ತುದಿ ಸುಟ್ಟಿರಬಹುದು, ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ ಸವೆದಿರಬಹುದು. ಅದೇ "ಟಕ್" ಜೊತೆ ಲೈಟ್ ಪೂರ್ತಿ ಕಂತಿದರೆ ಕನೆಕ್ಷನ್ ಕೆಟ್ಟಿರಬಹುದು, ಮೋಟರೋ ಇಂಜಿನ್ನೋ ಜಾಮ್ ಆಗಿರಲೂಬಹುದು.

ಸದ್ದೇ ಇಲ್ಲ, ಲೈಟ್ ಚೆನ್ನಾಗಿದೆ ಎಂದರೆ ತೆಳು ವೈರಿನ ದಾರಿ ನೋಡಿ. ಫ್ಯೂಸ್, ರಿಲೇ, ಕೀಲಿ ಸ್ವಿಚ್, ಕೆಲವು ಗಾಡಿಗಳಲ್ಲಿ ಕ್ಲಚ್ ಸ್ವಿಚ್. "ಗುಂಯ್" ಎಂದು ಮೋಟರ್ ಸುತ್ತುತ್ತದೆ, ಇಂಜಿನ್ ಅಲುಗುವುದಿಲ್ಲ ಎಂದರೆ ಬೆಂಡಿಕ್ಸ್ ಜಾರುತ್ತಿದೆ ಅಥವಾ ಮುಂದೆ ಬರುತ್ತಿಲ್ಲ. "ಕರ್ರ್" ಎಂದು ಕಬ್ಬಿಣ ಉಜ್ಜಿದ ಸದ್ದು ಬಂದರೆ ಹಲ್ಲು ಸವೆದಿದೆ. ಬೆಳಗ್ಗೆ ಚೆನ್ನಾಗಿ ಎತ್ತುವ ಗಾಡಿ ಬಿಸಿಯಾದ ಮೇಲೆ ಎಳೆದಾಡಿದರೆ ಒಳಗಿನ ಬುಷ್ ಸವೆದು ತಿರುಗುವ ಆರ್ಮೇಚರ್ ಸುತ್ತಲಿನ ಕವಚಕ್ಕೆ ಉಜ್ಜುತ್ತಿರುವ ಸಾಧ್ಯತೆ ಇದೆ.

ಮೋಟರಿನ ಮೈ ಮೇಲೆ ಸ್ಪ್ಯಾನರಿನಿಂದ ತಟ್ಟಿದರೆ ಏಳುತ್ತದೆ ಎನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಸವೆದ ಬ್ರಷ್ ಅಲುಗಾಡಿ ಒಂದು ಕ್ಷಣ ತಾಗುವುದರಿಂದ ಅದು ಏಳುತ್ತದೆ. ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ಮೆಲ್ಲಗೆ ತಟ್ಟಿ ಮನೆ ಸೇರಿಕೊಳ್ಳಿ, ಆದರೆ ಅದನ್ನೇ ಅಭ್ಯಾಸ ಮಾಡಿಕೊಳ್ಳಬೇಡಿ. ಈಗಿನ ಎಷ್ಟೋ ಮೋಟರುಗಳ ಒಳಗೆ ಸುರುಳಿಯ ಬದಲು ಶಾಶ್ವತ ಅಯಸ್ಕಾಂತದ ಬಿಲ್ಲೆಗಳಿರುತ್ತವೆ. ಸುತ್ತಿಗೆಯಿಂದ ಹೊಡೆದರೆ ಅವು ಬಿರುಕು ಬಿಟ್ಟು ಮೋಟರನ್ನೇ ತಿಂದುಹಾಕುತ್ತವೆ. ಸಾಲಿನಾಯ್ಡಿನ ಎರಡು ದಪ್ಪ ಬೋಲ್ಟುಗಳಿಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸಿ ಸ್ಟಾರ್ಟ್ ಮಾಡುವುದನ್ನಂತೂ ಕೈಮುಗಿದು ಬೇಡ ಎನ್ನುತ್ತೇನೆ. ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್‌ಗೆ ಒಂದು ಕಿಡಿ ಸಾಕು. ಗಾಡಿ ಗೇರಿನಲ್ಲಿದ್ದರೆ ಮುಂದೆ ನಿಂತವರ ಮೇಲೇ ಹಾರುತ್ತದೆ.

ಮೂರು ಅಳತೆ

ಕಿವಿ ಹೇಳಿದ್ದನ್ನು ಮೀಟರಿನಿಂದ ಗಟ್ಟಿ ಮಾಡಿಕೊಳ್ಳಬೇಕು. ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು, ಡಿಸಿ 20 ವೋಲ್ಟಿಗೆ ಇಡಿ.

ಮೊದಲನೆಯದು ನಿಂತ ಬ್ಯಾಟರಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್. 12.2ಕ್ಕೆ ಇಳಿದರೆ ಅರ್ಧದಷ್ಟು. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡದೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ.

ಎರಡನೆಯದು ದುಡಿಯುವ ಬ್ಯಾಟರಿ. ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಮೀಟರ್ ನೋಡಲಿ. 10ರ ಆಸುಪಾಸು ನಿಂತರೆ ಬ್ಯಾಟರಿ ಚೆನ್ನಾಗಿದೆ. 9.6ಕ್ಕಿಂತ ಕೆಳಗೆ ಕುಸಿದರೆ ಅದು ಸೋತಿದೆ, ಇಲ್ಲವೇ ಮೋಟರ್ ಎಲ್ಲೋ ಉಜ್ಜಿಕೊಂಡು ಅತಿಯಾಗಿ ಎಳೆಯುತ್ತಿದೆ. ಇನ್ನೊಂದು ಒಳ್ಳೆಯ ಬ್ಯಾಟರಿ ಕೊಟ್ಟು ನೋಡಿದರೆ ಯಾವುದೆಂದು ತಿಳಿಯುತ್ತದೆ.

ಮೂರನೆಯದು ಅರ್ತ್. ಎಷ್ಟೋ ಜನ ಮಾಡದೆ ಬಿಡುವುದೂ ಇದನ್ನೇ. ಮೀಟರಿನ ಒಂದು ಮುಳ್ಳು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಇಂಜಿನ್ನಿನ ಬರಿಯ ಲೋಹದ ಮೇಲೆ. ಸೆಲ್ಫ್ ಹೊಡೆಯುವಾಗ 0.2, ಹೆಚ್ಚೆಂದರೆ 0.3 ವೋಲ್ಟ್ ತೋರಿಸಬೇಕು. ಅದಕ್ಕಿಂತ ಹೆಚ್ಚಾದರೆ ಕರೆಂಟ್ ವಾಪಸು ಬರುವ ದಾರಿ ಕೆಟ್ಟಿದೆ. ಇಂಜಿನ್ ಕೂತಿರುವುದು ರಬ್ಬರಿನ ಮೌಂಟಿಂಗ್ ಮೇಲೆ, ರಬ್ಬರಿನಲ್ಲಿ ಕರೆಂಟ್ ಹರಿಯದು. ಮೋಟರಿಗೆ ಹೋದ 150 ಆಂಪಿಯರ್ ಬ್ಯಾಟರಿಗೆ ಮರಳಲು ಇಂಜಿನ್ನಿನಿಂದ ಬಾಡಿಗೆ, ಬ್ಯಾಟರಿಗೆ ಎಳೆದ ಅರ್ತ್ ಪಟ್ಟಿಯೇ ಗತಿ. ಆ ಪಟ್ಟಿಯ ಬೋಲ್ಟ್ ಇರುವುದು ಕೆಸರು ಸಿಡಿಯುವ ಜಾಗದಲ್ಲಿ.

ನಮ್ಮ ನೆರೆಮನೆಯವರ ಪಿಕಪ್ ಒಂದು ಮಳೆಗಾಲದಲ್ಲಿ ಹೀಗೇ ಹಟ ಹಿಡಿಯಿತು. ಪೇಟೆಯಲ್ಲಿ ಯಾರೋ ಹೊಸ ಸೆಲ್ಫ್ ಮೋಟರ್ ಹಾಕಿಸಿ ಎಂದಿದ್ದರು. ಮೀಟರ್ ಇಟ್ಟರೆ ಅರ್ತ್ ಕಡೆ ಎರಡು ವೋಲ್ಟಿನ ಹತ್ತಿರ. ಜಂಪರ್ ಕೇಬಲ್ಲಿನ ಒಂದು ತುದಿಯನ್ನು ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದನ್ನು ನೇರವಾಗಿ ಇಂಜಿನ್ನಿಗೆ ಕಚ್ಚಿಸಿ ಕೀಲಿ ತಿರುಗಿಸಿದೆವು. ಒಂದೇ ಸಲಕ್ಕೆ ಎತ್ತಿತು. ಪಟ್ಟಿ ಬಿಚ್ಚಿ, ಉಪ್ಪು ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಮತ್ತೆ ಬಿಗಿದು ಮೇಲೆ ಗ್ರೀಸ್ ಹಚ್ಚಿದ್ದೇ ರಿಪೇರಿ. ಮೀಟರ್ ಇಲ್ಲದವರೂ ಈ ಜಂಪರ್ ಕೇಬಲ್ ಪರೀಕ್ಷೆ ಮಾಡಬಹುದು.

ಬ್ಯಾಟರಿ ಸರಿ, ಟರ್ಮಿನಲ್ ಸರಿ, ಅರ್ತ್ ಸರಿ, ಕೀಲಿ ತಿರುಗಿಸಿದಾಗ ತೆಳು ವೈರಿಗೂ ವೋಲ್ಟ್ ಬರುತ್ತಿದೆ, ಆದರೂ "ಟಕ್" ಅಂದು ಸುಮ್ಮನಾಗುತ್ತಿದೆ. ಆಗ ಧೈರ್ಯವಾಗಿ ಸ್ಪ್ಯಾನರ್ ಹಿಡಿಯಿರಿ.

ಬಿಚ್ಚುವ ಕ್ರಮ

ನನ್ನ ತಂಗಿಯ ಮಗಳು ಮಡಿಕೇರಿಯಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಒಬ್ಬಳೇ ಕಾರು ಓಡಿಸಿಕೊಂಡು ಬರುವವಳು. ಅವಳ ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್ ಮೋಟರ್ ಸೋತಾಗ "ನಾನೇ ಬಿಚ್ಚುತ್ತೇನೆ ಮಾವ, ನೀವು ಹೇಳಿಕೊಡಿ" ಎಂದಳು. ಕೆಲಸವೆಲ್ಲ ಅವಳ ಕೈಯಿಂದಲೇ ಆಯಿತು. ಕ್ರಮವನ್ನು ಹಾಗೇ ಬರೆಯುತ್ತೇನೆ.

ಇಂಜಿನ್ ಪೂರ್ತಿ ತಣ್ಣಗಾಗಿರಲಿ. ಬಳೆ, ಉಂಗುರ, ವಾಚು ತೆಗೆದಿಡಿ. ಗಾಡಿ ಸಮತಟ್ಟು ನೆಲದಲ್ಲಿರಲಿ, ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಡಿ. ಮೊದಲು ಬಿಚ್ಚುವುದು ಬ್ಯಾಟರಿಯ ನೆಗೆಟಿವ್.

"ನೆಗೆಟಿವ್ವೇ ಯಾಕೆ ಮೊದಲು, ಮಾವ?"

"ಅದನ್ನು ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಏನೂ ಆಗಲ್ಲ ಮಗಾ, ಬಾಡಿಯೂ ನೆಗೆಟಿವ್ವೇ. ಪಾಸಿಟಿವ್ ಬಿಚ್ಚಲು ಹೋಗಿ ತಾಗಿಸಿದರೆ ಇಡೀ ಬ್ಯಾಟರಿ ಶಾರ್ಟ್."

ಸೆಲ್ಫ್ ಮೋಟರಿಗೆ ಬರುವ ದಪ್ಪ ಕೇಬಲ್ಲಿನಲ್ಲಿ ಕೀಲಿ ಆಫ್ ಇದ್ದರೂ ಕರೆಂಟ್ ಇರುತ್ತದೆ. ನೆಗೆಟಿವ್ ಬಿಚ್ಚದೆ ಅದಕ್ಕೆ ಸ್ಪ್ಯಾನರ್ ಹಾಕಿದವರ ಕೈ ಸುಟ್ಟದ್ದನ್ನು ನಾನು ಕಂಡಿದ್ದೇನೆ. ಬ್ಯಾಟರಿ ಬಿಚ್ಚಿದರೆ ಮ್ಯೂಸಿಕ್ ಸಿಸ್ಟಮ್ಮಿನ ಕೋಡ್ ಕೇಳುವ ಕಾರುಗಳಿವೆ, ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಮೋಟರ್ ಇರುವುದು ಇಂಜಿನ್ನೂ ಗೇರ್‌ಬಾಕ್ಸೂ ಸೇರುವ ಕಡೆ. ಬ್ಯಾಟರಿಯ ಪಾಸಿಟಿವ್‌ನಿಂದ ಹೊರಟ ದಪ್ಪ ಕೇಬಲ್ ಹಿಡಿದು ಹೋದರೆ ಸಿಗುತ್ತದೆ. ಕೆಲವು ಗಾಡಿಗಳಲ್ಲಿ ಮೇಲಿನಿಂದಲೇ ಕೈ ಹೋಗುತ್ತದೆ, ಕೆಲವಕ್ಕೆ ಅಡಿಗೆ ಇಳಿಯಬೇಕು. ಅಡಿಗೆ ಇಳಿಯುವುದಾದರೆ ಬರೀ ಜಾಕಿಯನ್ನು ನಂಬಿ ಯಾರೂ ಹೋಗಬಾರದು. ಜಾಕ್ ಸ್ಟ್ಯಾಂಡ್ ಕೊಟ್ಟು, ಗಾಡಿಯನ್ನು ಕೈಯಿಂದ ಅಲ್ಲಾಡಿಸಿ ನೋಡಿ, ಆಮೇಲೆ ತಲೆ ಒಳಗಿಡಿ. ಮಳೆಯಲ್ಲಿ ನೆನೆದ ನಮ್ಮ ಕೆಂಪು ಮಣ್ಣಿನ ಅಂಗಳದಲ್ಲಿ ಜಾಕಿಯ ಕಾಲು ಹೂತುಹೋಗುತ್ತದೆ. ಕೆಳಗೆ ಅಗಲವಾದ ದಪ್ಪ ಹಲಗೆ ಇರಲೇಬೇಕು. ಕಾಫಿ ಒಣಗಿಸುವ ಸಿಮೆಂಟಿನ ಕಣ ಖಾಲಿ ಇದ್ದರೆ ಅದಕ್ಕಿಂತ ಒಳ್ಳೆಯ ವರ್ಕ್‌ಶಾಪ್ ಇಲ್ಲ.

ವೈರ್ ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಜಪಾನಿ ಮೂಲದ ಗಾಡಿಗಳಲ್ಲಿ 10, 12, 14ರ ಸ್ಪ್ಯಾನರುಗಳಿಗೇ ಹೆಚ್ಚು ಕೆಲಸ. ಸಾಕೆಟ್ ಸೆಟ್ಟಿನ ಜೊತೆ ಉದ್ದದ ಎಕ್ಸ್‌ಟೆನ್ಷನ್ ಇದ್ದರೆ ಒಳಗಿನ ಬೋಲ್ಟಿಗೆ ನೇರ ಹೋಗುತ್ತದೆ. ಮೊದಲು ಸಾಲಿನಾಯ್ಡಿನ ದಪ್ಪ ಕೇಬಲ್ಲಿನ ನಟ್ಟು, ಆಮೇಲೆ ತೆಳು ವೈರಿನ ಸಾಕೆಟ್. ಕೊನೆಗೆ ಮೋಟರನ್ನು ಹಿಡಿದಿರುವ ಬೋಲ್ಟುಗಳು; ಸಣ್ಣ ಕಾರಿಗೆ ಸಾಮಾನ್ಯವಾಗಿ ಎರಡು. ಕೊನೆಯ ಬೋಲ್ಟ್ ಬಿಡುವಾಗ ಒಂದು ಕೈ ಮೋಟರಿನ ಕೆಳಗಿರಲಿ. ಸಣ್ಣ ಕಾರಿನದು ಮೂರ್ನಾಲ್ಕು ಕಿಲೋ ತೂಗುತ್ತದೆ, ಹಳೆಯ ಡೀಸೆಲ್ ಜೀಪಿನದು ಅದರ ದುಪ್ಪಟ್ಟಿಗೂ ಹೆಚ್ಚು. ಮುಖದ ಮೇಲೆ ಬಿದ್ದರೆ ಗತಿ ಏನು?

ಮೋಟರ್ ಹೊರಬಂದ ಮೇಲೆ ಆ ತೂತಿನಲ್ಲಿ ಟಾರ್ಚ್ ಬಿಟ್ಟು ರಿಂಗ್ ಗೇರ್ ನೋಡದೆ ಮುಂದೆ ಹೋಗಬೇಡಿ. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ ಇಂಜಿನ್ ತಿರುಗುವ ದಿಕ್ಕಿಗೇ ನಿಧಾನವಾಗಿ ಸುತ್ತಿಸಿ ಒಂದು ಸುತ್ತು ಪೂರ್ತಿ ನೋಡಿ. ನಾಲ್ಕು ಸಿಲಿಂಡರ್ ಇಂಜಿನ್ ಆಫ್ ಆದಾಗ ಹೆಚ್ಚಾಗಿ ಎದುರುಬದುರಿನ ಎರಡು ಜಾಗಗಳಲ್ಲೇ ಬಂದು ನಿಲ್ಲುತ್ತದೆ. ಆದ್ದರಿಂದ ಹಲ್ಲು ಸವೆಯುವುದೂ ಆ ಎರಡು ಕಡೆಯೇ. ಅಲ್ಲಿ ಹಲ್ಲು ಉದುರಿದ್ದರೆ ಹೊಸ ಮೋಟರ್ ಹಾಕಿಯೂ ಪ್ರಯೋಜನವಿಲ್ಲ. ಗೇರ್‌ಬಾಕ್ಸ್ ಇಳಿಸಿ ರಿಂಗ್ ಗೇರ್ ಬದಲಾಯಿಸುವುದು ಗ್ಯಾರೇಜಿನ ಕೆಲಸ.

ಮನೆಯಲ್ಲಿ ಕೈ ಹಾಕಬಾರದ ಗಾಡಿಗಳೂ ಇವೆ. ವಾರಂಟಿ ಇರುವುದು, ಹೈಬ್ರಿಡ್, ಮೋಟರ್ ತಲುಪಲು ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಬೇಕಾದದ್ದು, ಇವನ್ನು ಅನುಭವಿಗಳಿಗೇ ಬಿಡಿ.

ಗೋಣಿಯ ಮೇಲೆ ಹಳೆಯ ಮೋಟರ್

ಬಿಚ್ಚಿದ ಮೋಟರನ್ನು ಅಂಗಳದಲ್ಲೇ ಪರೀಕ್ಷಿಸಬಹುದು. ವೈಸಿನಲ್ಲಿ ಬಿಗಿಯಾಗಿ ಹಿಡಿಸಿ. ಸುತ್ತಲು ಶುರುವಾದರೆ ಅದು ಜೋರಾಗಿ ಹೊರಳುತ್ತದೆ. ಜಂಪರ್ ಕೇಬಲ್ಲಿನಿಂದ ನೆಗೆಟಿವ್ ಮೈಗೆ, ಪಾಸಿಟಿವ್ ದಪ್ಪ ಬೋಲ್ಟಿಗೆ ಕೊಟ್ಟು, ಪಾಸಿಟಿವ್‌ನಿಂದ ಒಂದು ತೆಳು ವೈರನ್ನು ಸಾಲಿನಾಯ್ಡಿನ ಸಣ್ಣ ತುದಿಗೆ ಒಂದು ಕ್ಷಣ ತಾಗಿಸಿ. ಒಳ್ಳೆಯ ಮೋಟರಾದರೆ ಸಣ್ಣ ಗೇರ್ ಚಕ್ಕನೆ ಹೊರಗೆ ಹಾರಿ ಸುತ್ತುತ್ತದೆ. ನಮ್ಮದು ಹಾರಿತು, ಸುತ್ತಲಿಲ್ಲ.

ಗೋಣಿ ಹಾಸಿ, ಹಿಂದಿನ ಮುಚ್ಚಳದ ಉದ್ದ ಸ್ಕ್ರೂ ತೆಗೆದೆವು. ಒಳಗಿನಿಂದ ಕಪ್ಪು ಪುಡಿ ಉದುರಿತು. ಕಾರ್ಬನ್ ಬ್ರಷ್ ಸವೆದು ಉಂಟಾದ ಪುಡಿ ಅದು. ಬ್ರಷ್ ಎಂದರೆ ಸ್ಪ್ರಿಂಗಿನ ಒತ್ತಡದಲ್ಲಿ ನಿಂತು ತಿರುಗುವ ಆರ್ಮೇಚರಿಗೆ ಕರೆಂಟ್ ದಾಟಿಸುವ ಸಣ್ಣ ತುಂಡು. ನಾಲ್ಕರಲ್ಲಿ ಎರಡು ಎಷ್ಟು ಗಿಡ್ಡವಾಗಿದ್ದವೆಂದರೆ ಸ್ಪ್ರಿಂಗ್ ಅವನ್ನು ಒತ್ತುವ ಬದಲು ಬ್ರಷ್ ಹೋಲ್ಡರಿನ ಅಂಚಿಗೆ ಕೂತಿತ್ತು. ಅವು ತಾಗಬೇಕಾದ ಕಮ್ಯುಟೇಟರ್, ತಾಮ್ರದ ಪಟ್ಟಿಗಳ ಉರುಳೆ, ಕಪ್ಪಾಗಿತ್ತು. ಸಾಲಿನಾಯ್ಡಿನ ಒಳಗಿನ ತಾಮ್ರದ ತುದಿಯಲ್ಲಿ ಕಿಡಿ ಹಾರಿ ಹಾರಿ ಅರ್ಧಚಂದ್ರದ ಆಕಾರದಲ್ಲಿ ಕಚ್ಚಿಹೋಗಿತ್ತು. ಬೆಂಡಿಕ್ಸ್ ಜಾರುವ ಶಾಫ್ಟಿನ ಮೇಲೆ ತುಕ್ಕಿನ ಬಳೆಯಂಥ ಗುರುತು. ಇಷ್ಟನ್ನು ಕಣ್ಣಾರೆ ಕಂಡ ಮೇಲೆ ಹುಡುಗಿಗೆ ಆ "ಟಕ್" ಸದ್ದಿನ ಅರ್ಥ ಹೊಸದಾಗಿ ಹೇಳಬೇಕಾಗಲಿಲ್ಲ.

ರಿಪೇರಿಯೋ ಹೊಸದೋ ಎಂಬುದನ್ನು ಈ ಹಂತದಲ್ಲಿ ನಿರ್ಧರಿಸಿ. ಬರೀ ಬ್ರಷ್, ಬುಷ್, ಸಾಲಿನಾಯ್ಡ್ ಹೋಗಿದ್ದರೆ ಅವು ಬಿಡಿಯಾಗಿ ಸಿಗುತ್ತವೆ. ಬ್ರಷ್ ಸೆಟ್ಟಿನ ಬೆಲೆ ಹೊಸ ಮೋಟರಿನ ಬೆಲೆಯ ಮುಂದೆ ಏನೇನೂ ಅಲ್ಲ. ಕುಶಾಲನಗರ, ಗೋಣಿಕೊಪ್ಪ, ವಿರಾಜಪೇಟೆಯ ಆಟೋ ಎಲೆಕ್ಟ್ರಿಷಿಯನ್‌ಗಳು ಈ ಕೆಲಸ ಬಲ್ಲವರು. ಆರ್ಮೇಚರಿನ ಸುರುಳಿಯೇ ಸುಟ್ಟು ವಾಸನೆ ಬರುತ್ತಿದ್ದರೆ, ಕಮ್ಯುಟೇಟರ್ ಆಳವಾಗಿ ತೋಡಿಹೋಗಿದ್ದರೆ ಹೊಸದೇ ಸರಿ. ರಾತ್ರಿ ದಾರಿಯ ಗಾಡಿ ಎಂಬ ಕಾರಣಕ್ಕೆ ಇವಳ ಕಾರಿಗೆ ನಾವು ಹೊಸದನ್ನೇ ಆರಿಸಿದೆವು. ಹಳೆಯದಕ್ಕೆ ಬ್ರಷ್ ಹಾಕಿಸಿ ಎಣ್ಣೆ ಕಾಗದದಲ್ಲಿ ಸುತ್ತಿ ಅಟ್ಟದಲ್ಲಿಟ್ಟಿದ್ದೇವೆ.

ಕೂರಿಸುವುದು

ಹೊಸದನ್ನೂ ಹಳೆಯದನ್ನೂ ಪಕ್ಕಪಕ್ಕ ಇಟ್ಟು ಗೇರಿನ ಹಲ್ಲು ಎಣಿಸಿ, ಬೋಲ್ಟಿನ ತೂತು ಅಳೆಯಿರಿ, ವೈರಿನ ತುದಿಗಳು ಒಂದೇ ಥರ ಇವೆಯೇ ನೋಡಿ. ಒಂದು ಹಲ್ಲು ವ್ಯತ್ಯಾಸವಿದ್ದರೂ ವಾಪಸು ಕೊಡಿ.

ಮೋಟರ್ ಕೂರುವ ಮುಖವನ್ನು ಎರಡೂ ಕಡೆ ತಂತಿ ಬ್ರಷ್ಷಿನಿಂದ ಉಜ್ಜಿ ಬರಿಯ ಲೋಹ ಕಾಣುವಂತೆ ಮಾಡಿ. ಮೋಟರಿನ ಅರ್ತ್ ಹೋಗುವುದು ಆ ಮುಖದಿಂದಲೇ. ಅಂದಕ್ಕೆಂದು ಅಲ್ಲಿ ಬಣ್ಣ ಬಳಿದರೆ ಸ್ಟಾರ್ಟಿಂಗ್ ಕಷ್ಟವನ್ನು ನೀವೇ ತಂದುಕೊಂಡ ಹಾಗೆ. ಬೋಲ್ಟುಗಳನ್ನು ಮೊದಲು ಕೈಯಿಂದಲೇ ತಿರುಗಿಸಿ ಹಿಡಿಸಿ, ಎರಡೂ ಕೂತ ಮೇಲೆ ಸ್ಪ್ಯಾನರಿನಿಂದ ಬಿಗಿಯಿರಿ. ಸಾಲಿನಾಯ್ಡಿನ ತಾಮ್ರದ ಬೋಲ್ಟ್ ಮೃದು, ಅತಿಯಾಗಿ ಬಿಗಿದರೆ ತುಂಡಾಗುತ್ತದೆ. ದಪ್ಪ ಕೇಬಲ್ಲಿನ ರಬ್ಬರ್ ಟೋಪಿಯನ್ನು ಮರೆಯದೆ ಮುಚ್ಚಿ. ಬೆಂಡಿಕ್ಸಿಗೆ ಗ್ರೀಸ್ ಮೆತ್ತಬೇಡಿ, ಕ್ಲಚ್ಚಿನ ದೂಳು ಅದಕ್ಕೆ ಅಂಟಿ ಗಟ್ಟಿಯಾಗಿ ಗೇರ್ ಜಾರದಂತೆ ಹಿಡಿದುಬಿಡುತ್ತದೆ.

ಬ್ಯಾಟರಿಯ ನೆಗೆಟಿವ್ ಎಲ್ಲಕ್ಕಿಂತ ಕೊನೆಗೆ. ಗಾಡಿ ಕೆಳಗಿಳಿಸಿ, ನ್ಯೂಟ್ರಲ್ ನೋಡಿ, ಹ್ಯಾಂಡ್ ಬ್ರೇಕ್ ಎಳೆದು ಒಂದು ಸಲ ಹೊಡೆಯಿರಿ. ಎದ್ದ ಮೇಲೆ ಮೂರು ಅಳತೆಗಳನ್ನು ಮತ್ತೆ ತೆಗೆದು ಗಾಡಿಯ ಪುಸ್ತಕದಲ್ಲಿ ತಾರೀಖಿನೊಂದಿಗೆ ಬರೆದಿಡಿ. ಗಾಡಿ ಚೆನ್ನಾಗಿದ್ದಾಗಿನ ಅಂಕಿ ಗೊತ್ತಿದ್ದವರಿಗೆ ಕೆಡಲು ಶುರುವಾದದ್ದು ಬೇಗ ತಿಳಿಯುತ್ತದೆ.

ಮಳೆಗೆ ಮುಂಚೆ, ಮಳೆಯ ನಂತರ

ವರ್ಷಕ್ಕೆ ಎರಡು ಸಲ ನೋಡಿದರೆ ಸಾಕು. ಮೇ ತಿಂಗಳಲ್ಲಿ, ಮನೆಗೆ ಸೌದೆ ಕೂಡಿಡುವ ಹೊತ್ತಿಗೆ, ಬ್ಯಾಟರಿ ಟರ್ಮಿನಲ್ ಬಿಚ್ಚಿ ಬಿಸಿನೀರಿಗೆ ಸೋಡಾ ಪುಡಿ ಹಾಕಿ ತೊಳೆದು, ಒರಸಿ, ಬಿಗಿದು, ಮೇಲೆ ವ್ಯಾಸಲೀನ್ ಹಚ್ಚಿ. ಅರ್ತ್ ಪಟ್ಟಿಯ ಎರಡೂ ತುದಿಗಳಿಗೂ ಅದೇ ಉಪಚಾರ. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೋದಿಗೆ ಕೋವಿ, ಕತ್ತಿ, ನೇಗಿಲು ತೊಳೆದು ಪೂಜೆಗಿಡುವ ನಮ್ಮ ಮನೆಗಳಲ್ಲಿ ಅಂದೇ ಗಾಡಿಯ ಬಾನೆಟ್ಟೂ ತೆರೆಯಲಿ. ಮಳೆ ಏನು ಮಾಡಿದೆ ಎಂಬುದು ಆಗ ಕಾಣುತ್ತದೆ. ಕೊಯ್ಲಿನ ಕಾಲದಲ್ಲಿ ಎರಡು ನಿಮಿಷದ ನಿಲುಗಡೆಗೆಲ್ಲ ಇಂಜಿನ್ ಆಫ್ ಮಾಡಿ ಮತ್ತೆ ಮತ್ತೆ ಸೆಲ್ಫ್ ಹೊಡೆಯುವ ಬದಲು, ಮೂಟೆ ಹೇರುವ ಜಾಗಗಳನ್ನು ಒಟ್ಟುಗೂಡಿಸಿ ನಿಲುಗಡೆಯನ್ನೇ ಕಡಿಮೆ ಮಾಡಿ. ವಾರಕ್ಕೊಮ್ಮೆಯಾದರೂ ಗಾಡಿಯನ್ನು ಪೇಟೆಯವರೆಗೆ ಓಡಿಸಿ ಬ್ಯಾಟರಿಗೆ ಹೊಟ್ಟೆ ತುಂಬ ಚಾರ್ಜ್ ಕೊಡಿ. ತೋಡು ದಾಟಿ ಬಂದ ದಿನ ಗಾಡಿ ಕೂಡಲೇ ನಿಲ್ಲಿಸದೆ ಸ್ವಲ್ಪ ಹೊತ್ತು ಓಡಿಸಿದರೆ ಇಂಜಿನ್ನಿನ ಬಿಸಿಗೆ ಮೋಟರಿನ ತೇವ ಆರುತ್ತದೆ.

ಸ್ಪ್ಯಾನರ್ ಮುಟ್ಟಲು ಮನಸ್ಸಿಲ್ಲದವರಿಗೂ ಈ ವಿದ್ಯೆ ಬೇಕು. "ಗಾಡಿ ಸ್ಟಾರ್ಟ್ ಆಗ್ತಿಲ್ಲ" ಎಂದಷ್ಟೇ ಹೇಳುವವರಿಗೆ ಊಹೆಯ ಮೇಲೆ ಸಾಮಾನು ಬದಲಾಗುತ್ತದೆ, ಬಿಲ್ಲು ಬೆಳೆಯುತ್ತದೆ. "ನಿಂತಾಗ 12.6, ಸೆಲ್ಫ್ ಹೊಡೆದಾಗ 12.4ರಲ್ಲೇ ನಿಲ್ಲುತ್ತದೆ, ಅರ್ತ್ ಸರಿ ಇದೆ, ಒಂದೇ ಟಕ್ ಬರುತ್ತದೆ" ಎಂದು ಫೋನಿನಲ್ಲಿ ಹೇಳಿ ನೋಡಿ. ಒಳ್ಳೆಯ ಮೆಕ್ಯಾನಿಕ್ ಬ್ರಷ್ ಸೆಟ್ಟನ್ನೋ ಸಾಲಿನಾಯ್ಡನ್ನೋ ಜೇಬಿಗೆ ಹಾಕಿಕೊಂಡೇ ಹೊರಡುತ್ತಾನೆ. ಮಳೆಯಲ್ಲಿ ಇಪ್ಪತ್ತು ಕಿಲೋಮೀಟರ್ ಬಂದು, ಸಾಮಾನು ತರಲು ಮತ್ತೆ ಇಪ್ಪತ್ತು ಹೋಗುವ ಕಷ್ಟ ಅವನಿಗೂ ತಪ್ಪುತ್ತದೆ. ಮಕ್ಕಳಿಗೆ ಕಾರು ಓಡಿಸಲು ಕಲಿಸುವ ಎಲ್ಲ ಅಪ್ಪ ಅಮ್ಮಂದಿರಲ್ಲಿ, ಮಾವಂದಿರಲ್ಲಿ ನನ್ನ ಕೋರಿಕೆ ಇಷ್ಟೇ: ಕ್ಲಚ್ಚು ಬ್ರೇಕಿನ ಜೊತೆಗೆ ಮೀಟರ್ ಹಿಡಿಯುವುದನ್ನೂ ಕಲಿಸಿ. ಲೈಸೆನ್ಸ್ ಬರುವ ಹೊತ್ತಿಗೆ ಈ ಮೂರು ಅಳತೆ ಅವರ ಕೈಗೆ ಬಂದಿರಲಿ.